ಎಂಟೂವರೆ ಅಡಿ ಸ್ವಾಮಿ, ಎಂಟೂವರೆ!

ಹಳೇ ಕಾಲದಲ್ಲಿ ಮರದ ಸೇತುವೆಗೆ ಮಾಡು ಹಾಕುತ್ತಿದ್ದದ್ದು ಮಳೆಗೆ ಹೆದರಿ. ತೊಲೆ ನೆನೆಯದಿದ್ದರೆ ನೂರು ವರ್ಷ ಬಾಳುತ್ತದೆ, ಇಲ್ಲದಿದ್ದರೆ ಬೇಗ ಲಡ್ಡು ಹಿಡಿಯುತ್ತದೆ. ಈಗ ಮಳೆಯ ಚಿಂತೆ ಯಾರಿಗೂ ಇಲ್ಲ. ಮಾಡನ್ನೇ ಕಾಯಬೇಕಾಗಿದೆ, ಅದೂ ಟ್ರಕ್ಕುಗಳಿಂದ.

ಅಮೆರಿಕದ ಶಿಕಾಗೊ ಪಕ್ಕದ ಲಾಂಗ್ ಗ್ರೋವ್ ಊರನ್ನೇ ನೋಡಿ. ಅಲ್ಲಿಯ ಸೇತುವೆ ನಿಜ ಹೇಳಬೇಕೆಂದರೆ ಮರದ್ದೇ ಅಲ್ಲ. ಒಳಗಿರುವುದು 1906ರ ಕಬ್ಬಿಣ. ಮರದ ಕೋಟು ತೊಡಿಸಿದ್ದು 1972ರಲ್ಲಿ. ಇರಲಿ ಬಿಡಿ, ಚೆಂದ ಕಾಣುತ್ತದಲ್ವಾ? ಒಳಗೆ ನುಗ್ಗಲು ಇರುವ ಎತ್ತರ 8 ಅಡಿ 6 ಇಂಚು.

2018ರಲ್ಲಿ ಅದನ್ನು ದೇಶದ ಐತಿಹಾಸಿಕ ತಾಣಗಳ ಪಟ್ಟಿಗೆ ಸೇರಿಸಿದರು. ಅದೇ ವರ್ಷ ಒಂದು ಟ್ರಕ್ಕು ಬಂದು ಮಾಡನ್ನು ಹರಿದು ಹಾಕಿತು! ಸನ್ಮಾನದ ಹಾರ ಇನ್ನೂ ಬಾಡಿರಲಿಲ್ಲ. ರಿಪೇರಿ ಮುಗಿದು ಸೇತುವೆ ತೆರೆದದ್ದು 2020ರ ಆಗಸ್ಟಿನಲ್ಲಿ. ಈ ಸಲ ಮರದ ಒಳಗೆ ಉಕ್ಕಿನ ತೊಲೆ ಬಚ್ಚಿಟ್ಟಿದ್ದರು. ಕೆಲವೇ ದಿನಗಳಲ್ಲಿ ಮತ್ತೆ ಗುದ್ದು. ಅಲ್ಲಿಂದೀಚೆಗೆ ಹತ್ತಾರು ಬಾರಿ ಆಗಿದೆ. ಒಂದೇ ವ್ಯತ್ಯಾಸ: ಈಗ ಸೇತುವೆಗೆ ಗೀರು, ಟ್ರಕ್ಕಿಗೆ ಮುಚ್ಚಳವೇ ಇಲ್ಲ.

ಬೋರ್ಡ್ ಇಲ್ಲವೇ ಅಂತ ಕೇಳಬೇಡಿ. ಇದೆ, ದೊಡ್ಡ ಅಕ್ಷರದಲ್ಲೇ ಇದೆ. ಒಂದು ಬೋರ್ಡ್ ಓದದವನಿಗೆ ಇನ್ನೊಂದು ಬೋರ್ಡ್ ನೆಡುವುದು ಎಲ್ಲ ದೇಶದ ಆಡಳಿತಕ್ಕೂ ಒಲಿದು ಬಂದ ವಿದ್ಯೆ. ಮನೆ ಬದಲಿಸಲು ಬಾಡಿಗೆ ಟ್ರಕ್ಕು ಹತ್ತಿದವನು ಮಾತ್ರ ಫೋನಿನೊಳಗಿನ ಹೆಂಗಸಿನ ಮಾತು ಬಿಟ್ಟು ಬೇರೆ ಯಾರನ್ನೂ ನಂಬುವುದಿಲ್ಲ. ಆಕೆ 'ನೇರ ಹೋಗಿ' ಅಂದಳು, ಈತ ಹೋದ. ತಲೆಯ ಮೇಲೆ ಹತ್ತಡಿ ಡಬ್ಬಿ ಇದೆ ಅನ್ನುವುದು ಆಕೆಗೆ ಗೊತ್ತಿಲ್ಲ. ಈತನಿಗೂ ನೆನಪಿಲ್ಲ, ನಿನ್ನೆವರೆಗೆ ಓಡಿಸಿದ್ದು ಕಾರು ತಾನೇ.

ಧಡ್! ತಗಡು ಹಲಸಿನ ತೊಳೆ ಬಿಡಿಸಿದ ಹಾಗೆ ಹಿಂದಕ್ಕೆ ಸುರುಳಿ ಸುತ್ತಿಕೊಳ್ಳುತ್ತದೆ. ಒಳಗಿನ ಸೋಫಾ, ಹಾಸಿಗೆ, ಅಜ್ಜಿಯ ಕಾಲದ ಕನ್ನಡಿ ಎಲ್ಲ ಬಯಲಿಗೆ. ಹಿಂದಿನ ಕಾರುಗಳು ಹಾರನ್ ಹೊಡೆಯುತ್ತವೆ, ಸೇತುವೆಯಲ್ಲಿ ಇರುವುದೇ ಒಂದು ಗಾಡಿಯ ಜಾಗ. ಡ್ರೈವರ್ ಕೆಳಗಿಳಿಯುತ್ತಾನೆ. ಸೊಂಟದ ಮೇಲೆ ಕೈಯಿಟ್ಟು ಮೇಲೆ ನೋಡುತ್ತಾನೆ. ಆಮೇಲೆ ನಿಧಾನಕ್ಕೆ, ತುಟಿ ಅಲ್ಲಾಡಿಸುತ್ತಾ, ಬೋರ್ಡ್ ಓದುತ್ತಾನೆ.