ಹಾಡುವ ಹೀಟರು

ಕುಮಟೆಯಲ್ಲಿ ಹೀಟರ್ ಕೊಳ್ಳುವವರು ಯಾರೂ ಇಲ್ಲ. ಫೆಬ್ರವರಿ ಮುಗಿಯುವಷ್ಟರಲ್ಲಿ ಬೆನ್ನಿಗಂಟಿದ ಅಂಗಿ ಮತ್ತೆ ಬೆನ್ನು ಬಿಡುವುದು ಡಿಸೆಂಬರಿನಲ್ಲಿ, ಅದೂ ನಾಲ್ಕು ದಿನದ ಮಟ್ಟಿಗೆ. ಇಂಥ ಊರಿನಲ್ಲಿ, ಏಳು ವರ್ಷಗಳ ಹಿಂದಿನ ಒಂದು ಬೆಳಗಿನ ಜಾವ, ಮುಂಬೈಯಿಂದ ಬಂದ ಬಸ್ಸಿನ ಡಿಕ್ಕಿಯಿಂದ ಕಂಬಳಿ ಸುತ್ತಿದ ಎರಡು ಅಗಲವಾದ ವಸ್ತುಗಳನ್ನು ನಾನು ಬಾಣಂತಿಯನ್ನು ಇಳಿಸಿಕೊಳ್ಳುವ ಜಾಗ್ರತೆಯಿಂದ ಇಳಿಸಿಕೊಂಡೆ. ಕಂಬಳಿಯ ಅಂಚು ಸರಿದು ಒಳಗಿನ ಕಂಚುಬಣ್ಣದ, ತೂತುತೂತಿನ ತಗಡು ಕಾಣಿಸಿದಾಗ ರಿಕ್ಷಾದವನು ಕನಿಕರದಿಂದ ಕೇಳಿದ: “ಎಂತದು ಭಟ್ರೇ, ಹೀಟರಾ? ಆಯಿಗೆ ಆರಾಮಿಲ್ವಾ?”

ಅವು ಹೀಟರುಗಳಲ್ಲ, ಸ್ಪೀಕರುಗಳು ಎಂದು ನಾನು ಹೇಳಿದೆ. ಅವನು ನಂಬಲಿಲ್ಲ. ಅವನನ್ನು ದೂರುವಂತಿಲ್ಲ, ಏಕೆಂದರೆ ಎರಡೂವರೆ ಅಡಿ ಎತ್ತರ, ಸುಮಾರು ಮೂರಡಿ ಅಗಲ, ಸ್ವಲ್ಪ ಹೊಟ್ಟೆ ಮುಂದೆ ಮಾಡಿದ ತಗಡಿನ ಮುಖ ಮತ್ತು ಮೂರು ಗಿಡ್ಡ ಕಾಲುಗಳುಳ್ಳ ಈ ವಸ್ತುವನ್ನು ಅದು ಹುಟ್ಟಿದ ನಾಡಿನಲ್ಲಿಯೂ ಜನರು ಹೀಟರಿಗೆ ಹೋಲಿಸಿಯೇ ನಕ್ಕಿದ್ದಾರೆ. ಇಂಗ್ಲೆಂಡಿನ ಹಂಟಿಂಗ್‌ಡನ್ ಎಂಬ ಊರಿನಲ್ಲಿ ಪೀಟರ್ ವಾಕರ್ ಎಂಬವರು ರೂಪಿಸಿ 1957ರಲ್ಲಿ ಮಾರಾಟಕ್ಕಿಟ್ಟ ಕ್ವಾಡ್ ಎಲೆಕ್ಟ್ರೋಸ್ಟ್ಯಾಟಿಕ್ ಸ್ಪೀಕರುಗಳಿವು. 1985ರವರೆಗೂ ಇವು ತಯಾರಾದವು. ನನ್ನವು ದಾದರಿನ ಹಳೆಯ ಮನೆಯೊಂದು ಖಾಲಿಯಾಗುವಾಗ ಚಿಕ್ಕಪ್ಪನ ಕಣ್ಣಿಗೆ ಬಿದ್ದು, ಅವನ ಬಾಯಿಯಿಂದ ನನ್ನ ಕಿವಿಗೆ ಬಿದ್ದು, ಕೊನೆಗೆ ನನ್ನ ತಲೆಯ ಮೇಲೆಯೇ ಬಿದ್ದವು. ಮುಂದೆ ನಾನು ಹೇಳಲಿರುವ ಅನಾಹುತಗಳಲ್ಲಿ ತಯಾರಿಸಿದವರ ತಪ್ಪು ಕಿಂಚಿತ್ತೂ ಇಲ್ಲ. ಅವರು ಇವನ್ನು ಸಮುದ್ರದಿಂದ ಒಂದು ಮೈಲಿ ದೂರದ ಹಂಚಿನ ಮನೆಗೆಂದು ಮಾಡಿರಲಿಲ್ಲ.

ಸಾಮಾನ್ಯ ಸ್ಪೀಕರಿನಲ್ಲಿ ಒಂದು ಅಯಸ್ಕಾಂತ, ಒಂದು ತಂತಿಯ ಸುರುಳಿ, ಆ ಸುರುಳಿ ನೂಕುವ ಕಾಗದದ ಕೋನು ಇರುತ್ತವೆ. ಇದರಲ್ಲಿ ಅವು ಯಾವುವೂ ಇಲ್ಲ. ತೂತುಗಳುಳ್ಳ ಎರಡು ಹಲಗೆಗಳ ನಡುವೆ ತಲೆಗೂದಲಿಗಿಂತ ಎಷ್ಟೋ ಪಟ್ಟು ತೆಳುವಾದ ಪ್ಲಾಸ್ಟಿಕ್ಕಿನ ಪೊರೆಯನ್ನು ಬಿಗಿದು, ಅದರಲ್ಲಿ ವಿದ್ಯುತ್ತಿನ ಆವೇಶವನ್ನು ತುಂಬಿರುತ್ತಾರೆ: ಮಂದ್ರದ ಪೊರೆಗೆ ಸುಮಾರು 6,000 ವೋಲ್ಟ್, ತಾರದ ಪೊರೆಗೆ ಸುಮಾರು 1,500 ವೋಲ್ಟ್. ಆಂಪ್ಲಿಫೈಯರಿನಿಂದ ಬಂದ ಸಂಗೀತ ಒಂದು ಟ್ರಾನ್ಸ್‌ಫಾರ್ಮರಿನಲ್ಲಿ ಹಿಗ್ಗಿ ಎರಡೂ ಹಲಗೆಗಳಿಗೆ ಎದುರುಬದುರಾಗಿ ತಲುಪಿದಾಗ ಒಂದು ಹಲಗೆ ಎಳೆಯುತ್ತದೆ, ಇನ್ನೊಂದು ತಳ್ಳುತ್ತದೆ, ನಡುವಿನ ಪೊರೆ ಅದುರಿ ಹಾಡುತ್ತದೆ. ಯಕ್ಷಗಾನದಲ್ಲಿ ಇಬ್ಬರು ಹಿಡಿದು ನಿಂತ ತೆರೆ, ಹಿಂದೆ ವೇಷ ಕುಣಿಯುವಾಗ ನಡುಗುವುದನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾದೀತು. ಇಲ್ಲಿ ಹಿಂದೆ ವೇಷವಿಲ್ಲ, ತೆರೆಯೇ ವೇಷ ಎಂಬುದಷ್ಟೇ ವ್ಯತ್ಯಾಸ. ಆ ತೆರೆಗೆ ತೂಕವೇ ಇಲ್ಲದ ಕಾರಣ ತಂಬೂರಿಯ ತಂತಿಯನ್ನು ಬೆರಳು ಬಿಟ್ಟ ಕ್ಷಣವೂ ಗಂಗೂಬಾಯಿ ಹಾನಗಲ್ಲರು ಸ್ವರ ಹಿಡಿಯುವ ಮೊದಲು ಎಳೆದುಕೊಳ್ಳುವ ಉಸಿರೂ ನಮ್ಮ ಜಗುಲಿಯಲ್ಲೇ ಆದಂತೆ ಕೇಳಿಸುತ್ತವೆ. ಈ ಒಂದು ಸುಖಕ್ಕಾಗಿ ಮನುಷ್ಯ ಏನೆಲ್ಲ ಸಹಿಸಬಲ್ಲ ಎಂಬುದಕ್ಕೆ ನಾನು ಉದಾಹರಣೆ.

ಇದನ್ನೆಲ್ಲ ಹೆಂಡತಿಗೆ ವಿವರಿಸುವಾಗ ಆರು ಸಾವಿರ ಎಂಬ ಅಂಕಿಯನ್ನು ನಾನು ಬಾಯಿಬಿಟ್ಟು ಹೇಳಬಾರದಿತ್ತು. ಅಂದಿನಿಂದ ಆರು ತಿಂಗಳು ಅವಳು ಜಗುಲಿಯನ್ನು ಗುಡಿಸುವ ಕೆಲಸವನ್ನು ನನಗೇ ವಹಿಸಿದಳು.

ಇಡುವ ಜಾಗದ್ದು ಇನ್ನೊಂದು ಕಥೆ. ಈ ಸ್ಪೀಕರಿಗೆ ಪೆಟ್ಟಿಗೆಯಿಲ್ಲವಾದ್ದರಿಂದ ಅದು ಮುಂದಕ್ಕೆ ಹಾಡಿದಷ್ಟೇ ಹಿಂದಕ್ಕೂ ಹಾಡುತ್ತದೆ. ಗೋಡೆಗೆ ಒತ್ತಿ ಇಟ್ಟರೆ ಹಿಂದಿನ ಹಾಡು ಗೋಡೆಗೆ ಬಡಿದು ಬಂದು ಮುಂದಿನ ಹಾಡಿನ ಕಾಲಿಗೆ ತೊಡರುತ್ತದೆ. ಆದ್ದರಿಂದ ನಾಲ್ಕಡಿ ಮುಂದೆ ತಂದು ಇಡಬೇಕು. ನಾಲ್ಕಡಿ ಮುಂದೆ ತಂದರೆ ಅದು ಜಗುಲಿಯ ನಟ್ಟನಡುವೆ ಬರುತ್ತದೆ, ಮತ್ತು ಚೌತಿಯ ದಿನ ಊಟದ ಪಂಕ್ತಿ ಹಾಕಲು ನಿಂತ ಪುರೋಹಿತರು ಎರಡು ಹೀಟರುಗಳನ್ನೂ ನನ್ನನ್ನೂ ಒಂದೇ ದೃಷ್ಟಿಯಿಂದ ನೋಡುತ್ತಾರೆ. ಇಷ್ಟಾದರೂ ಸರಿಯಾಗಿ ಕೇಳಿಸುವುದು ಒಂದೇ ಕುರ್ಚಿಗೆ. ತಾರಸ್ವರಗಳು ಟಾರ್ಚಿನ ಬೆಳಕಿನಂತೆ ನೇರವಾಗಿ ಹೋಗುವುದರಿಂದ ಆ ಕುರ್ಚಿಯಿಂದ ಒಂದು ಗೇಣು ಅತ್ತ ಸರಿದವನಿಗೆ ಗಾಯಕಿ ಪಕ್ಕದ ಕೋಣೆಗೆ ಹೋದಂತೆ ಭಾಸವಾಗುತ್ತದೆ. ಸಂಗೀತ ಕೇಳಲು ಬಂದ ನೆಂಟರಿಗೆ ಆ ಕುರ್ಚಿಯನ್ನು ಬಿಟ್ಟುಕೊಟ್ಟು ನಾನು ಮೂಲೆಯಲ್ಲಿ ನಿಂತಿರುತ್ತೇನೆ; ಅವರು ಅಲ್ಲಿ ಕುಳಿತು ಅಡಿಕೆಯ ದರದ ಬಗ್ಗೆ ಮಾತನಾಡುತ್ತಾರೆ.

ಆವೇಶವಿರುವ ಕಡೆಗೆ ಧೂಳು ತಾನಾಗಿ ಹಾರಿ ಬರುತ್ತದೆ. ಕಾರ್ಖಾನೆಯ ಚಿಮಣಿಯ ಹೊಗೆಯಿಂದ ಬೂದಿ ಹಿಡಿಯಲು ಇದೇ ತತ್ತ್ವವನ್ನು ಬಳಸುತ್ತಾರಂತೆ ಎಂದು ನಾನು ಹೆಮ್ಮೆಯಿಂದ ಹೇಳಿದ ವಾರದಲ್ಲೇ ಆಯಿಯ ಊದುಬತ್ತಿಯ ಹೊಗೆ ದೇವರಿಗೆ ಬೆನ್ನು ತಿರುಗಿಸಿ ನೇರವಾಗಿ ಎಡಗಡೆಯ ಸ್ಪೀಕರಿನ ಕಡೆಗೆ ಸಾಗುತ್ತಿರುವುದು ಕಂಡಿತು. ದೇವರ ಕೋಣೆಯ ಬಾಗಿಲಿಗೆ ಪರದೆ ಹಾಕಿಸಿದೆ. ದೇವರಿಗೂ ಸ್ಪೀಕರಿಗೂ ನಡುವೆ ಪರದೆ ಹಾಕಿಸಿದ ಮೊದಲ ವಂಶಸ್ಥ ನಾನೇ ಎಂದು ಆಯಿ ಈಗಲೂ ಬಂದವರಿಗೆ ಹೇಳುತ್ತಿರುತ್ತಾಳೆ.

ನಿಜವಾದ ಪರೀಕ್ಷೆ ಶುರುವಾದದ್ದು ಜೂನಿನಲ್ಲಿ. ನಮ್ಮ ಮಳೆ ಮೇಲಿನಿಂದ ಬೀಳುವುದಷ್ಟೇ ಅಲ್ಲ, ಗೋಡೆಯಿಂದ ಏಳುತ್ತದೆ, ನೆಲದಿಂದ ಒಸರುತ್ತದೆ, ಉಪ್ಪಿನ ಭರಣಿಯಲ್ಲಿ ಹುಟ್ಟುತ್ತದೆ. ಸಮುದ್ರದ ಗಾಳಿ ಹೊತ್ತು ತಂದ ಉಪ್ಪು ಎಲ್ಲೆಲ್ಲಿ ಕುಳಿತಿರುತ್ತದೋ ಅಲ್ಲೆಲ್ಲ ನೀರನ್ನು ಕರೆದು ಕೂರಿಸಿಕೊಳ್ಳುತ್ತದೆ, ಮತ್ತು ಆರು ಸಾವಿರ ವೋಲ್ಟಿನ ವಿದ್ಯುತ್ತಿಗೆ ಆ ಒದ್ದೆ ದಾರಿ ರಾಷ್ಟ್ರೀಯ ಹೆದ್ದಾರಿಯಿದ್ದಂತೆ. ಮೊದಲ ಮಳೆಗಾಲದ ಒಂದು ರಾತ್ರಿ, ವಿಲಂಬಿತ್ ಖಯಾಲ್ ಇನ್ನೂ ಕಣ್ಣುಜ್ಜಿಕೊಂಡು ಏಳುತ್ತಿರುವ ಹೊತ್ತಿನಲ್ಲಿ, ಬಲಗಡೆಯ ಸ್ಪೀಕರಿನಿಂದ ಚರ್‌ಚರ್ ಎಂಬ ಸದ್ದು ಹೊರಟಿತು. ಒಳಗಿನಿಂದ ಆಯಿಯ ದನಿ ಕೇಳಿತು: “ತಂಗೀ, ಒಲೆ ಮೇಲೆ ಎಂತದೋ ಕರಟ್ತಾ ಇದ್ದು ನೋಡೆ.” ಹೆಂಡತಿ ಅಡುಗೆಮನೆಗೆ ಓಡಿದಳು, ಒಲೆ ತಣ್ಣಗಿತ್ತು. ಆವೇಶ ಸೋರಿಹೋಗುವ ಆ ಸದ್ದು ಹಲಸಿನ ಹಪ್ಪಳ ಕರಿಯುವ ಸದ್ದಿಗೆ ಎಷ್ಟು ಹತ್ತಿರವಾಗಿತ್ತೆಂದರೆ ಆ ರಾತ್ರಿ ಹಪ್ಪಳ ಕರಿಯದೆ ಯಾರಿಗೂ ಸಮಾಧಾನವಾಗಲಿಲ್ಲ.

ತೇವ ಹೀರುವ ಯಂತ್ರವೊಂದನ್ನು ಕೊಂಡು ತಂದೆ. ಹಂಚಿನ ಮನೆಯ ಕಿಟಕಿ ಮುಚ್ಚುವುದೆಂದರೆ ಜರಡಿಗೆ ಬಾಗಿಲು ಹಾಕಿದಂತೆ ಎಂಬ ವಿವೇಕ ಆಗ ನನಗಿರಲಿಲ್ಲ. ಯಂತ್ರ ಹಗಲೂ ರಾತ್ರಿ ಗುರುಗುಟ್ಟಿತು. ಅದರ ತೊಟ್ಟಿ ಸಂಜೆಗೊಮ್ಮೆ, ಬೆಳಗಿಗೊಮ್ಮೆ ತುಂಬಿತು. ನಾನು ಕೊಡೆ ಹಿಡಿದು ಅಂಗಳಕ್ಕೆ ಹೋಗಿ ಆ ನೀರನ್ನು ಮಳೆಗೇ ಚೆಲ್ಲಿ ಬರತೊಡಗಿದೆ. ಹೊಳೆಯಲ್ಲಿ ಹುಣಸೆಹಣ್ಣು ಕದಡುವವನನ್ನು ನಾನು ಗಾದೆಯಲ್ಲಿ ಮಾತ್ರ ಕೇಳಿದ್ದೆ. ಯಂತ್ರದ ಗುರುಗುಟ್ಟುವಿಕೆಯಿಂದಾಗಿ ಸಂಗೀತವೂ ಕೇಳಿಸುತ್ತಿರಲಿಲ್ಲವೆಂಬುದನ್ನು ಎರಡನೆಯ ವಾರ ಗಮನಿಸಿದೆ.

ಇದರ ನಡುವೆ ಕರೆಂಟು ಹೋಗುವುದರಿಂದ ನನಗೊಂದು ವಿಚಿತ್ರ ಜ್ಞಾನ ಲಭಿಸಿತು. ಪೊರೆಗೆ ಆವೇಶ ಕೊಡಲು ಈ ಸ್ಪೀಕರಿನ ಪ್ಲಗ್ಗನ್ನು ಗೋಡೆಗೆ ಸಿಕ್ಕಿಸಿರಬೇಕು. ಆದರೆ ಒಮ್ಮೆ ತುಂಬಿದ ಆವೇಶ ಕರೆಂಟು ಹೋದ ಕೂಡಲೇ ಖಾಲಿಯಾಗುವುದಿಲ್ಲ. ಆಂಪ್ಲಿಫೈಯರ್ ಇನ್ವರ್ಟರಿನ ಮೇಲೆ ನಡೆಯುತ್ತಿದ್ದರೆ ಕತ್ತಲಲ್ಲಿಯೂ ಸ್ಪೀಕರು ಕೂಡಿಟ್ಟ ಆಸ್ತಿಯ ಮೇಲೆ ಹಾಡುತ್ತಲೇ ಇರುತ್ತದೆ, ಮೆಲ್ಲಮೆಲ್ಲನೆ ದನಿ ಕುಗ್ಗಿಸುತ್ತ, ಗಾಯಕರು ಗುಡ್ಡ ಇಳಿದು ಹೋಗುತ್ತಿದ್ದಾರೋ ಎಂಬಂತೆ. ಜನವರಿಯ ಒಣಹವೆಯಲ್ಲಿ ಹೀಗೆ ಹನ್ನೆರಡು ನಿಮಿಷ ಹಾಡಿದ ಸ್ಪೀಕರು ಆಷಾಢದಲ್ಲಿ ಒಂದು ನಿಮಿಷಕ್ಕೇ ಕಣ್ಣುಮುಚ್ಚಿತು. ನಾನು ಕ್ಯಾಲೆಂಡರಿನ ಮೇಲೆ, ಹಾಲಿನ ಲೆಕ್ಕದ ಪಕ್ಕದಲ್ಲಿ, ನಿಮಿಷಗಳನ್ನು ಬರೆದಿಡತೊಡಗಿದೆ.

ಎರಡನೆಯ ವರ್ಷ ಹಲ್ಲಿ ಬಂತು. ಸ್ಪೀಕರಿನ ಹಿಂಬದಿಯಲ್ಲಿ ಟ್ರಾನ್ಸ್‌ಫಾರ್ಮರು ಸದಾ ಸ್ವಲ್ಪ ಬೆಚ್ಚಗಿರುತ್ತದೆ. ಇಡೀ ಮನೆಯಲ್ಲಿ ಇದನ್ನು ಹೀಟರೆಂದು ನಂಬಿ ಅದರಂತೆಯೇ ಬಳಸಿಕೊಂಡ ಏಕೈಕ ಜೀವಿ ಅದು. ಒಂದು ಸಂಜೆ ಅದು ಹೋಗಬಾರದ ಎರಡು ಕಡೆಗಳಿಗೆ ಒಟ್ಟಿಗೇ ಕಾಲಿಟ್ಟಿತು. ‘ಚಟ್’ ಎಂಬ ಸದ್ದು, ಸುಟ್ಟ ವಾಸನೆ, ಆಮೇಲೆ ಎಡಗಡೆಯ ಪೂರ್ಣ ಮೌನ. ಪಂಚಾಂಗದಲ್ಲಿ ಹಲ್ಲಿ ತಲೆಯ ಮೇಲೆ, ಭುಜದ ಮೇಲೆ, ಪಾದದ ಮೇಲೆ ಬಿದ್ದರೆ ಏನು ಫಲವೆಂಬುದೆಲ್ಲ ಇದೆ. ಸ್ಪೀಕರಿನೊಳಗೆ ಬಿದ್ದರೆ ಏನೆಂದು ಇಲ್ಲ. ಆಯಿ ಮಾತ್ರ ಧನಹಾನಿ ಎಂದು ತಡವರಿಸದೆ ಹೇಳಿದಳು, ಮತ್ತು ಅದು ಅಕ್ಷರಶಃ ಸತ್ಯವಾಯಿತು.

ಊರಿನಲ್ಲಿ ಟಿವಿ ರಿಪೇರಿ ಮಾಡುತ್ತಿದ್ದ ಒಬ್ಬ ಹಿರಿಯರಿದ್ದಾರೆ; ನಾವೆಲ್ಲ ಅವರನ್ನು ರಿಪೇರಿ ಮಾಮ ಎನ್ನುತ್ತೇವೆ. ಚಪ್ಪಟೆ ಟಿವಿಗಳು ಬಂದ ಮೇಲೆ ಅಂಗಡಿ ಮುಚ್ಚಿ ಕುಳಿತಿದ್ದ ಅವರ ಎದುರು ಸ್ಪೀಕರನ್ನಿಟ್ಟು ನಾನು ತಗ್ಗಿದ ದನಿಯಲ್ಲಿ, “ಮಾಮ, ಜಾಗ್ರತೆ, ಒಳಗೆ ಆರು ಸಾವಿರ ವೋಲ್ಟ್ ಇದೆ” ಎಂದೆ. ಡಬ್ಬದಂಥ ಹಳೆಯ ಬಣ್ಣದ ಟಿವಿಗಳ ಪಿಕ್ಚರ್ ಟ್ಯೂಬಿಗೆ ಇಪ್ಪತ್ತೈದು ಸಾವಿರ ವೋಲ್ಟ್ ಕೊಡುತ್ತಿದ್ದ ಕಾಲದವರು ಅವರು. “ಆರೇ ಸಾವಿರವಾ?” ಎಂದರು, ಬಾಳೆ ಎಲೆಗೆ ಬರೀ ಉಪ್ಪು ಬಡಿಸಿದವರನ್ನು ನೋಡುವಂತೆ ನನ್ನನ್ನು ನೋಡಿ. ಆದರೂ ಅವರು ನಿಯಮ ಬಿಡಲಿಲ್ಲ: ಮೊದಲು ಪ್ಲಗ್ಗು ಕಿತ್ತು ಕಾಯಬೇಕು, ಉಳಿದ ಆವೇಶವನ್ನು ತಂತಿ ತಾಗಿಸಿ ಇಳಿಸಬೇಕು, ಹಚ್ಚಿ ನೋಡಲೇಬೇಕಾದಾಗ ಎಡಗೈಯನ್ನು ಜೇಬಿನಲ್ಲಿ ಇಟ್ಟುಕೊಳ್ಳಬೇಕು, ವಿದ್ಯುತ್ತು ಒಂದು ಕೈಯಿಂದ ಇನ್ನೊಂದು ಕೈಗೆ ಎದೆಯ ಮೂಲಕ ಹಾಯದಿರಲೆಂದು. ಲುಂಗಿಗೆ ಜೇಬಿಲ್ಲದ ಕಾರಣ ಅವರು ಆ ಕೈಯನ್ನು ಸೊಂಟದ ಮೇಲೆ ಇಟ್ಟುಕೊಂಡು ಅರ್ಧ ವಿಠೋಬನಂತೆ ನಿಂತು ಕೆಲಸ ಮಾಡಿದರು.

ಮಲ್ಟಿಮೀಟರು ಆರು ಸಾವಿರದ ಬದಲು ಕೆಲವು ನೂರು ವೋಲ್ಟುಗಳನ್ನಷ್ಟೇ ತೋರಿಸಿತು. ಮಾಮ ಒಂದು ದಿನವಿಡೀ ಮೇಣದಲ್ಲಿ ಹೂತಿಟ್ಟ ಡಯೋಡು, ಕೆಪ್ಯಾಸಿಟರುಗಳನ್ನು ಶಂಕಿಸಿದರು. ಮರುದಿನ ಬೆಳಿಗ್ಗೆ ಅವಲಕ್ಕಿ ತಿನ್ನುವಾಗ ತಾವೇ ಕಂಡುಕೊಂಡರು. ಈ ಸ್ಪೀಕರಿಗೆ ವೋಲ್ಟೇಜು ಬಹಳ ಬೇಕು, ಕರೆಂಟು ಬೇಡವೇ ಬೇಡ. ಆದ್ದರಿಂದ ಅದರ ಒಳಗಿನ ಸರಬರಾಜು ಎಷ್ಟು ಬಡಕಲೆಂದರೆ ಅಳೆಯಲು ಹಚ್ಚಿದ ಮೀಟರೇ ಅದನ್ನೆಲ್ಲ ಕುಡಿದು ಮುಗಿಸುತ್ತದೆ. “ಬಾವಿಯಲ್ಲಿ ನೀರಿದ್ದೋ ನೋಡ್ಲಿಕ್ಕೆ ಪಂಪ್ ಹಚ್ಚಿ ಬಾವಿಯನ್ನೇ ಬತ್ತಿಸಿದ್ದು ನಾವು ಭಟ್ರೇ” ಎಂದರು. ಹೋಗಿದ್ದು ತಾರದ ಪೊರೆ ಮಾತ್ರ.

ಹೊಸ ಪೊರೆ ಕಟ್ಟಿದ್ದು ನಮ್ಮ ಊಟದ ಮೇಜಿನ ಮೇಲೆ. ತೆಳುಹಾಳೆಯನ್ನು ಚೌಕಟ್ಟಿಗೆ ಎರಡು ಬದಿಯ ಅಂಟಿನ ಟೇಪಿನಿಂದ ಕೂರಿಸಿ, ವಿದ್ಯುತ್ತು ಮೆಲ್ಲಗೆ ಹರಡುವಂಥ ಲೇಪ ಒರೆಸಿ, ಹೆಂಡತಿಯ ಕೂದಲು ಒಣಗಿಸುವ ಯಂತ್ರದಿಂದ ಬಿಸಿಗಾಳಿ ಊದಿದರೆ ಸುಕ್ಕೆಲ್ಲ ಹೋಗಿ ಹಾಳೆ ಮೃದಂಗದ ಚರ್ಮದಂತೆ ಬಿಗಿಯುತ್ತದೆ. ನಾಲ್ಕು ಸಲ ಹರಿಯಿತು. ಐದನೆಯ ಸಲ ಬಿಗಿಯಿತು, ಆದರೆ ಅಂಟಿಸುವ ಕ್ಷಣದಲ್ಲಿ ಒಂದು ಸೊಳ್ಳೆ ಅಂಚಿನಲ್ಲಿ ಸಿಕ್ಕಿಕೊಂಡಿತು. ತೆಗೆಯಲು ಹೋದರೆ ಆರನೆಯ ಸಲವಾಗುತ್ತಿತ್ತು. ಆ ಸೊಳ್ಳೆ ಇಂದಿಗೂ ಅಲ್ಲಿಯೇ ಇದೆ. ಇಷ್ಟು ಹತ್ತಿರದಿಂದ ತೋಡಿ ರಾಗ ಕೇಳಿದವರು ನಮ್ಮ ತಾಲ್ಲೂಕಿನಲ್ಲಿ ಬೇರೆ ಇಲ್ಲ.

ಆಮೇಲೆ ಅಕ್ಕನ ಮಗ ರಜೆಗೆ ಬಂದ. “ಮಾವಾ, ಇದಕ್ಕೆ ಬಾಸೇ ಇಲ್ಲ” ಎಂದವನು, ನಾನು ಪೇಟೆಗೆ ಹೋದ ಅರ್ಧ ಗಂಟೆಯಲ್ಲಿ, ಹದಿನೈದು ವ್ಯಾಟಿನ ನನ್ನ ವಾಲ್ವ್ ಆಂಪ್ಲಿಫೈಯರನ್ನು ಕಳಚಿ ತನ್ನ ನೂರೈವತ್ತು ವ್ಯಾಟಿನದನ್ನು ಜೋಡಿಸಿ, ಯಕ್ಷಗಾನದ ಚಂಡೆಯನ್ನು ಬಯಲಾಟದ ಮಟ್ಟಕ್ಕೆ ಏರಿಸಿದ್ದ. ಮೊದಲ ಮುಕ್ತಾಯಕ್ಕೇ ಹಲಗೆಯಿಂದ ಪೊರೆಗೆ ಮಿಂಚು ಹಾರಿ ಸೂಜಿಮೊನೆಯಷ್ಟು ತೂತು ಬಿತ್ತು. ನಾನು ಬರುವಾಗ ಹುಡುಗ ಗುಡ್ಡದ ಕಡೆಗೆ ವಾಕಿಂಗ್ ಹೋಗಿದ್ದ. ಹೆಚ್ಚು ಹೇಳುವುದು ಬೇಡ; ನೆಂಟಸ್ತಿಕೆ ಉಳಿಯಬೇಕು.

ಕಳೆದ ಮೇ ತಿಂಗಳ ಕೊನೆಯಲ್ಲಿ, ರಸ್ತೆಬದಿಯ ಅಂಗಡಿಗಳಲ್ಲಿ ಸಿಹಿ ಈರುಳ್ಳಿಯ ಕೊನೆಯ ಗೊಂಚಲುಗಳು ತೂಗುತ್ತಿದ್ದ ಹೊತ್ತು, ಒಂದು ಸಂಜೆ ಕರೆಂಟು ಹೋಯಿತು. ನಾನು ಎಂದಿನಂತೆ ಗಡಿಯಾರ ನೋಡುತ್ತ ಕುಳಿತೆ. ಗಾಯಕಿ ಗುಡ್ಡ ಇಳಿದು ಹೋದರು. ಅಂಗಳದಲ್ಲಿ ಹರಡಿದ್ದ ಹಪ್ಪಳದ ಚಾಪೆಗಳ ಪಕ್ಕದಿಂದ ಆಯಿ ಕೂಗಿ ಕೇಳಿದಳು:

“ತಮಾ, ನಿನ್ನ ಹೀಟರು ಇವತ್ತು ಎಷ್ಟು ನಿಮಿಷ ಹಾಡ್ತು?”

“ಮೂರು.”

“ನಿನ್ನೆ?”

“ಐದೂವರೆ.”

ಆಯಿ ಪಡುವಣ ಆಕಾಶದ ಕಡೆಗೆ ನೋಡಲೂ ಇಲ್ಲ. “ಹಂಗಾರೆ ಹಪ್ಪಳ ನಾನು ತೆಗಿತೆ,” ಎಂದಳು. “ನೀನು ಬೆಳಗಾಗುವುದರೊಳಗೆ ಕಟ್ಟಿಗೆ ಒಳಗೆ ಹಾಕ್ಸು.”