ವೆರೋನಾದ ಅರೇನಾ ಕುರಿತ ಸಂದೇಶಕ್ಕೆ ಸ್ಪಷ್ಟನೆ

ಇಟಲಿಯ ವೆರೋನಾ ನಗರದ ರೋಮನ್ ಬಯಲು ರಂಗಮಂದಿರ ‘ಅರೇನಾ’ವು ರೋಮ್‌ನ ಕೊಲೋಸಿಯಮ್ ನೋಡಿ ಕಟ್ಟಿದ ಪ್ರತಿಕೃತಿಯೆಂದೂ, ಅಲ್ಲಿನ ಹೆಲ್ಲಾಸ್ ವೆರೋನಾ ತಂಡ ಇಂದಿಗೂ ಅದರೊಳಗೇ ಫುಟ್‌ಬಾಲ್ ಆಡುತ್ತದೆಂದೂ ಹೇಳುವ ಸಂದೇಶವೊಂದು ಹರಿದಾಡುತ್ತಿದೆ. ಇವೆರಡೂ ತಪ್ಪು.

ಕಟ್ಟಡದ ಶೈಲಿ ಮತ್ತು ರಚನೆಯನ್ನು ಪರಿಶೀಲಿಸಿದ ವಿದ್ವಾಂಸರು ಅರೇನಾವನ್ನು ಕ್ರಿ.ಶ. 1ನೇ ಶತಮಾನದ ಪೂರ್ವಾರ್ಧಕ್ಕೆ ಸೇರಿಸುತ್ತಾರೆ. ಕೊಲೋಸಿಯಮ್ಮಿನ ಕೆಲಸವಾದರೋ 69ರಲ್ಲಿ ಪಟ್ಟಕ್ಕೆ ಬಂದ ವೆಸ್ಪಾಸಿಯನ್ನನ ಆಳ್ವಿಕೆಯಲ್ಲಿ ಶುರುವಾಗಿ, ಅದು ಉದ್ಘಾಟನೆಗೊಂಡದ್ದು 80ರಲ್ಲಿ. ಹೀಗಿರುವಾಗ ಹಿರಿಯದು ಕಿರಿಯದರ ನಕಲಾಗುವುದು ಸಾಧ್ಯವಿಲ್ಲ. 1117ರ ಭೂಕಂಪದಲ್ಲಿ ಅರೇನಾದ ಹೊರಸುತ್ತು ಬಹುಪಾಲು ಕುಸಿದು, ಇಂದು ಅದರ ನಾಲ್ಕು ಕಮಾನುಗಳ ಒಂದು ತುಂಡು ಮಾತ್ರ ನಿಂತಿದೆ. ನನ್ನ ಮಟ್ಟಿಗೆ ಇಡೀ ಕಟ್ಟಡದಲ್ಲಿ ಮನಮುಟ್ಟುವ ಭಾಗ ಅದೇ. 1913ರಲ್ಲಿ ಇಟಲಿಯ ಸಂಗೀತ ಸಂಯೋಜಕ ವೆರ್ದಿಯ ಜನ್ಮಶತಮಾನೋತ್ಸವಕ್ಕೆ ಅವರ ‘ಐದಾ’ ಎಂಬ ಒಪೆರಾ (ಸಂಗೀತ ನಾಟಕ) ಪ್ರದರ್ಶನಗೊಂಡ ಮೇಲೆ ಅರೇನಾ ಒಪೆರಾದ ನೆಲೆಯಾಗಿ ಹೆಸರಾಯಿತು.

1984–85ರಲ್ಲಿ ಒಸ್ವಾಲ್ದೋ ಬಾನ್ಯೋಲಿಯವರ ತರಬೇತಿಯಲ್ಲಿ ಇಟಲಿಯ ಲೀಗ್ ಪ್ರಶಸ್ತಿ ಗೆದ್ದ ಹೆಲ್ಲಾಸ್ ತಂಡದ ತವರು 1963ರಲ್ಲಿ ತೆರೆದ ಬೆಂತೆಗೋದಿ ಕ್ರೀಡಾಂಗಣ. ಬಹುಶಃ ಗೊಂದಲದ ಮೂಲ ಸೈಕಲ್ ಪಂದ್ಯವಿರಬೇಕು: 1984ರ ಜಿರೋ ದಿತಾಲಿಯಾದ ಕೊನೆಯ ದಿನ ಫ್ರಾನ್ಸೆಸ್ಕೋ ಮೋಸೆರ್ ಅವರು ಲೊರಾಂ ಫಿನ್ಯೋಂ ಅವರನ್ನು ಹಿಂದಿಕ್ಕಿ ಪ್ರಶಸ್ತಿ ಗೆದ್ದದ್ದು ಅರೇನಾದಲ್ಲೇ.

ದಯವಿಟ್ಟು ಆ ಸಂದೇಶವನ್ನು ಇನ್ನು ಮುಂದೆ ಹಂಚಬೇಡಿ. ಈಗಾಗಲೇ ಹಂಚಿದ್ದರೆ ಅದೇ ಬಳಗಕ್ಕೆ ಈ ವಿವರವನ್ನೂ ತಲುಪಿಸಿ.