ಸ್ಯಾಂಪಲ್ ತಂದಿದೀರಾ?

ಶಿವಮೊಗ್ಗದ ಅಂಗಡಿಯವರು ಬಿಲ್ ಬುಕ್ಕಿನಿಂದ ತಲೆ ಎತ್ತದೆಯೇ ಕೇಳಿದರು. "ಸ್ಯಾಂಪಲ್ ತಂದಿದೀರಾ?"

ತಂದಿದ್ದೆ. ಅಂಗಿಯ ಜೇಬಿನಲ್ಲಿ, ಪೇಪರಿನಲ್ಲಿ ಸುತ್ತಿಕೊಂಡು. ಕಿರುಬೆರಳುದ್ದದ ಒಂದು ಸ್ಪ್ರಿಂಗು. ಒಂದು ತುದಿಯಲ್ಲಿ ಕೊಕ್ಕೆ ಇದೆ, ಇನ್ನೊಂದು ತುದಿಯಲ್ಲಿ ಕೊಕ್ಕೆ ಇದ್ದ ಗುರುತಿದೆ. ಪೇಪರು ಡೀಸೆಲ್ ಕುಡಿದು, ಕುಡಿದದ್ದು ಜಾಸ್ತಿಯಾಗಿ ಜೇಬಿಗೂ ಒಂದಿಷ್ಟು ಕುಡಿಸಿತ್ತು.

ಬೈಕು ಕಾರು ಇಟ್ಟುಕೊಂಡವರಿಗೆ ಮಾಡೆಲ್ ಇದೆ, ವರ್ಷ ಇದೆ, ಪಾರ್ಟ್ ನಂಬರ್ ಇದೆ. ಫೋನಿನಲ್ಲೇ ಹೇಳಿ ತರಿಸಿಕೊಳ್ಳುತ್ತಾರೆ. ಹಳೇ ನಮೂನೆಯ ಡೀಸೆಲ್ ಇಂಜಿನ್ ಇಟ್ಟುಕೊಂಡ ನನ್ನಂಥವರು ಮುರಿದ ತುಂಡನ್ನೇ ಹಿಡಿದುಕೊಂಡು ಓಡಾಡಬೇಕು. ಬಸ್ಸಿನಲ್ಲಿ ಪಕ್ಕದವರು ಸ್ವಲ್ಪ ಸರಿದು ಕೂರುತ್ತಾರೆ. ಅದೊಂದು ಅನುಕೂಲ.

ನಮ್ಮದು ತೋಟದ ಕೆಳಗೆ, ಹಳ್ಳದ ದಡದ ಶೆಡ್ಡಿನಲ್ಲಿ ಕೂತಿರುವ ಆರು ಎಚ್‌ಪಿ ಇಂಜಿನ್ನು. ಎರಡೂ ಕಡೆ ನನ್ನ ಸೊಂಟದೆತ್ತರದ ಫ್ಲೈವೀಲು. ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪಯ್ಯ ತಂದದ್ದು. ರಸ್ತೆಯಿಂದ ಹಳ್ಳದವರೆಗೆ ಬಿದಿರು ಗಳಕ್ಕೆ ಕಟ್ಟಿ ಎಂಟು ಜನ ಹೊತ್ತು ತಂದರು. ಎಂಟೂ ಜನಕ್ಕೆ ಅವತ್ತು ನಮ್ಮನೆಯಲ್ಲೇ ಊಟ. ಬಡಿಸಿ ಬಡಿಸಿ ಅಮ್ಮನಿಗೂ ಇಂಜಿನ್ ಹೊತ್ತಷ್ಟೇ ಸುಸ್ತಾಗಿತ್ತು.

ಊರಿನವರು ಅದನ್ನು 'ಕಿರ್ಲೋಸ್ಕರ್' ಎನ್ನುತ್ತಾರೆ. ಅದು ಕಿರ್ಲೋಸ್ಕರ್ ಖಂಡಿತ ಅಲ್ಲ. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹೆಸರು ನಮ್ಮ ಕಡೆ ಹೊಗೆ ಬಿಡುವ ಎಲ್ಲ ಇಂಜಿನ್ನಿಗೂ ಅಂಟಿಕೊಂಡಿದೆ. ನಮ್ಮದು ರಾಜಕೋಟದಿಂದ ಬಂದ 'ಲಿಸ್ಟರ್ ಟೈಪು'.

ಈ 'ಟೈಪು' ಎಂಬ ಮಾತಿನ ಬಗ್ಗೆ ನನಗೆ ಬಹಳ ಹೇಳುವುದಿದೆ. ಇಂಗ್ಲೆಂಡಿನ ಡರ್ಸ್ಲಿ ಎಂಬ ಊರಿನ ಲಿಸ್ಟರ್ ಕಂಪನಿ 1929ರಲ್ಲಿ ಸಿಎಸ್ ಎಂಬ ಇಂಜಿನ್ ಹೊರತಂದಿತು. ಸಿಎಸ್ ಎಂದರೆ ಕೋಲ್ಡ್ ಸ್ಟಾರ್ಟ್. ಅದಕ್ಕೂ ಮುಂಚಿನ ಎಷ್ಟೋ ಆಯಿಲ್ ಇಂಜಿನ್ನುಗಳ ತಲೆಯನ್ನು ಬ್ಲೋ ಲ್ಯಾಂಪಿನಿಂದ ಕಾಯಿಸಿದ ಮೇಲೇ ಅವು ಏಳುತ್ತಿದ್ದವು. ಇದು ಬರೀ ಹ್ಯಾಂಡಲ್ ಹೊಡೆದರೆ ಏಳುತ್ತದೆ. ಸಿಲಿಂಡರಿನ ಒಳಗಿನ ಅಗಲ, ಅಂದರೆ ಬೋರು, ನಾಲ್ಕೂವರೆ ಇಂಚು; ಪಿಸ್ಟನ್ ಓಡಾಡುವ ದೂರ, ಅಂದರೆ ಸ್ಟ್ರೋಕು, ಐದೂವರೆ ಇಂಚು, ನಿಮಿಷಕ್ಕೆ 650 ಸುತ್ತು. ಅವಸರವೇ ಗೊತ್ತಿಲ್ಲದ ಪ್ರಾಣಿ. ಡರ್ಸ್ಲಿಯಲ್ಲಿ ಇದನ್ನು ಮಾಡುವುದು 1987ರಲ್ಲಿ ನಿಂತಿತು. ರಾಜಕೋಟದವರು ಅದೇ ಅಚ್ಚು ನೋಡಿಕೊಂಡು ಎರಕ ಹೊಯ್ಯುತ್ತಲೇ ಇದ್ದರು. ಆಸ್ಟ್ರೇಲಿಯಾ, ಅಮೆರಿಕದಲ್ಲಿ ಕರೆಂಟಿನ ಹಂಗಿಲ್ಲದೆ ಬದುಕುವ ಹುಚ್ಚಿರುವವರೂ ಇದನ್ನು ತರಿಸಿಕೊಂಡಿದ್ದಾರೆ. ತರಿಸಿದ ಮೇಲೆ ಅವರು ಮಾಡುವ ಮೊದಲ ಕೆಲಸ, ಪೂರ್ತಿ ಬಿಚ್ಚಿ ಒಳಗೆ ಉಳಿದಿರುವ ಎರಕದ ಮರಳು ತೊಳೆಯುವುದು. ನಮ್ಮದರಲ್ಲೂ ಇತ್ತು. ಅಪ್ಪಯ್ಯ ಆ ಮರಳನ್ನು ತುಳಸಿಕಟ್ಟೆಗೆ ಹಾಕಿದ್ದರು.

ಟೈಪ್ ಎಂದರೆ ಅದೇ, ಆದರೆ ಅದೇ ಅಲ್ಲ. ಮೂಗು ಅಪ್ಪನದು, ಕಿವಿ ಸೋದರಮಾವನದು ಎನ್ನುತ್ತಾರಲ್ಲ, ಹಾಗೆ. ಒಂದು ಫೌಂಡ್ರಿಯ ರಾಕರ್ ಆರ್ಮು ಇನ್ನೊಂದು ಫೌಂಡ್ರಿಯ ಹೆಡ್ಡಿಗೆ 'ಕೂರುತ್ತದೆ'. ಸ್ವಲ್ಪ ಅರ ಹಾಕಿ ಉಜ್ಜಬೇಕು, ಅಷ್ಟೇ. ದೇಶ ಮೆಟ್ರಿಕ್ಕಿಗೆ ಬರಲಿ ಎಂದು ಸರ್ಕಾರ 1956ರಲ್ಲೇ ಕಾಯ್ದೆ ಮಾಡಿತು. ನಮ್ಮ ಇಂಜಿನ್ನಿಗೆ ಆ ಕಾಯ್ದೆ ಅರ್ಧ ಮಾತ್ರ ತಲುಪಿದೆ. ಒಂದು ನಟ್ಟಿಗೆ ಇಂಚಿನ ಸ್ಪಾನರು, ಅದರ ಪಕ್ಕದ್ದಕ್ಕೆ ಮಿಲಿಮೀಟರಿನದು.

ಎಲ್ಲ ಪಾರ್ಟೂ ಕಷ್ಟ ಎಂದಲ್ಲ. ಪಿಸ್ಟನ್, ಲೈನರ್, ರಿಂಗ್ ಸೆಟ್ಟು ರಾಜಕೋಟದಿಂದ ಲಾರಿ ಪಾರ್ಸೆಲಿನಲ್ಲಿ ಬರುತ್ತವೆ. ಫೋನ್ ಮಾಡಿದರೆ "ಸಬ್ ಮಿಲೇಗಾ" ಎನ್ನುತ್ತಾರೆ. ಡೀಸೆಲ್ ಚಿಮ್ಮಿಸುವ ನಾಜಲ್ಲಿಗಂತೂ ಚಿಂತೆಯೇ ಇಲ್ಲ. ಬೆಂಗಳೂರಿನ ನನ್ನ ತಂಗಿಗೆ ಮೈಕೋ ಎಂದರೆ ಲೇಔಟು. ನನಗೆ ಮೈಕೋ ಎಂದರೆ ನಾಜಲ್ಲು, ಡೀಸೆಲ್ ಪಂಪು. ಕಂಪನಿಯ ಹೆಸರು 2008ರಲ್ಲೇ ಬಾಷ್ ಆಯಿತು. ಆದರೂ ಅಂಗಡಿಯಲ್ಲಿ ಈಗಲೂ 'ಮೈಕೋದ್ದು ಕೊಡಿ' ಎಂದೇ ಕೇಳುವುದು. ನಾಜಲ್ ಸರಿಯಿದೆಯೇ ಎಂದು ತಿಳಿಯಲು ಬಿಚ್ಚಬೇಕಿಲ್ಲ. ಫ್ಲೈವೀಲನ್ನು ಕೈಯಲ್ಲಿ ನಿಧಾನ ತಿರುಗಿಸಿದರೆ, ಡೀಸೆಲ್ ಚಿಮ್ಮುವ ಗಳಿಗೆಗೆ ಒಳಗಿನಿಂದ 'ಕರ್ರ್' ಎಂದು ಸಣ್ಣದೊಂದು ದನಿ ಬರುತ್ತದೆ, ಹಳೇ ಬಾಗಿಲು ತೆಗೆದ ಹಾಗೆ. ಆ ದನಿ ಬಂದರೆ ಅಪ್ಪಯ್ಯ "ಹೂಂ" ಎನ್ನುತ್ತಿದ್ದರು, ಇಂಜಿನ್ನಿಗೆ ಉತ್ತರ ಕೊಟ್ಟವರಂತೆ.

ಕಷ್ಟ ಕೊಡುವುದು ಸಣ್ಣ ಪಾರ್ಟುಗಳು. ಯಾವ ಕೇಟಲಾಗಿನಲ್ಲೂ ಇರದ, ಐವತ್ತು ರೂಪಾಯಿ ಬಾಳದ ತುಣುಕುಗಳು. ನನ್ನ ಜೇಬಿನಲ್ಲಿದ್ದದ್ದು ಗವರ್ನರ್ ಸ್ಪ್ರಿಂಗು. ಅದರ ಕೆಲಸ ಇಷ್ಟೇ. ಇಂಜಿನ್ ಜೋರಾದರೆ ಒಳಗಿನ ಗುಂಡುಗಳು ಹೊರಕ್ಕೆ ಹಾರಿ ಡೀಸೆಲ್ ಕಡಿಮೆ ಮಾಡಲು ನೋಡುತ್ತವೆ. ಸ್ಪ್ರಿಂಗು ಅದನ್ನು ಹಿಂದಕ್ಕೆ ಎಳೆಯುತ್ತದೆ. ಈ ಜಗ್ಗಾಟ ಎಲ್ಲಿ ಸಮ ಆಗುತ್ತದೋ ಅದೇ ಇಂಜಿನ್ನಿನ ವೇಗ. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಕೊಕ್ಕೆ ಮುರಿಯಿತು. ಇಂಜಿನ್ನು ನಿದ್ದೆ ಬಂದವರ ಹಾಗೆ ನಿಧಾನವಾಗಿ, ಟುಕ್... ಟುಕ್... ಎಂದು ಸುಮ್ಮನಾಯಿತು.

ಶಿವಮೊಗ್ಗದವರು ನನ್ನ ಸ್ಯಾಂಪಲನ್ನು ಗಾಜಿನ ಕೌಂಟರಿನ ಮೇಲಿಟ್ಟು, ಡಬ್ಬಿಯಿಂದ ಒಂದೊಂದೇ ಸ್ಪ್ರಿಂಗು ತೆಗೆದು ಪಕ್ಕದಲ್ಲಿಟ್ಟು ಉದ್ದ ನೋಡಿದರು. "ಸೇಮ್ ಟು ಸೇಮ್ ಸಾರ್" ಎಂದು ಕೊಟ್ಟರು. ಮನೆಗೆ ಬಂದು ಸಿಕ್ಕಿಸಿ ಹ್ಯಾಂಡಲ್ ಹೊಡೆದೆ. ಹ್ಯಾಂಡಲ್ ಹಗುರಾಗಲೆಂದು ಎತ್ತಿ ಹಿಡಿದಿದ್ದ ವಾಲ್ವು, ಅಂದರೆ ಡಿಕಂಪ್ರೆಶನ್, ಬಿಟ್ಟದ್ದೇ ತಡ, ದೆವ್ವ ಮೆಟ್ಟಿದಂತೆ ಓಡತೊಡಗಿತು. ಬೆಲ್ಟು ಗೋಡೆಗೆ ಬಡಿಯಿತು. ಸೆಕೆಂಡಿಗೆ ಐದು ಚಿಲ್ಲರೆ ಸಲ ಟುಕ್ ಎನ್ನಬೇಕಾದ್ದು ಎಣಿಸಲಾರದಷ್ಟು ಸಲ ಎನ್ನುತ್ತಿತ್ತು. ಡೀಸೆಲ್ ರ‍್ಯಾಕ್ ಹಿಂದಕ್ಕೆ ನೂಕಿ ನಿಲ್ಲಿಸಿ, ಹೊರಗೆ ಬಂದು ಕಲ್ಲಿನ ಮೇಲೆ ಕೂತೆ. ಕಾಲು ನಡುಗುತ್ತಿತ್ತು.

ಆಮೇಲೆ ತಂಗಿಯ ಮಗಳ ಮದುವೆಗೆಂದು ಬೆಂಗಳೂರಿಗೆ ಹೋದಾಗ, ಧಾರೆಗೂ ಊಟಕ್ಕೂ ನಡುವೆ ತಪ್ಪಿಸಿಕೊಂಡು ಬಿಡಿಭಾಗದ ಅಂಗಡಿಗಳ ಎಸ್‌ಪಿ ರೋಡಿಗೆ ಹೋದೆ. ರೇಷ್ಮೆ ಪಂಚೆಯಲ್ಲಿ. ಅಲ್ಲೂ ಅದೇ ಪ್ರಶ್ನೆ, ಅದೇ ಉದ್ದದ ಪರೀಕ್ಷೆ. ಆ ಸ್ಪ್ರಿಂಗು ಬಹಳ ಮೆತ್ತಗಿತ್ತು. ಖಾಲಿ ಇಂಜಿನ್ ಚೆನ್ನಾಗಿಯೇ ಓಡಿತು, ಪಂಪಿಗೆ ನೀರು ಏರುವ ಹೊತ್ತಿಗೆ ಉಸಿರು ಬಿಟ್ಟಿತು. ಪಂಚೆಗೆ ಆದ ಕಲೆ ಮಾತ್ರ ಗಟ್ಟಿ.

"ಕರೆಂಟ್ ಮೋಟರ್ ಇದೆಯಲ್ಲ, ಇದ್ಯಾಕೆ ನಿಮಗೆ?" ಎಂದು ಹೆಂಡತಿ ಕೇಳುತ್ತಾಳೆ. ಮೋಟರ್ ಇದೆ. ಬೇಸಿಗೆಯಲ್ಲಿ ತ್ರೀ ಫೇಸ್ ಬರುವುದು ರಾತ್ರಿ ಎರಡಕ್ಕೆ. ಅಡಿಕೆ ಮರಕ್ಕೆ ಆ ವೇಳಾಪಟ್ಟಿ ಗೊತ್ತಿಲ್ಲ. ಇದು ನಾನು ಕೊಡುವ ಉತ್ತರ. ನಿಜವಾದ ಉತ್ತರ ಬೇರೆ ಇದೆ. ಪಂಪು ಎತ್ತಿದ ನೀರಿನಲ್ಲೇ ಒಂದು ಎಳೆ ಸಣ್ಣ ಪೈಪಿನಲ್ಲಿ ಇಂಜಿನ್ನಿನ ಮೈ ತಂಪು ಮಾಡಿ, ಬೆಚ್ಚಗಾಗಿ ಹೊರಗೆ ಬೀಳುತ್ತದೆ. ಅದಕ್ಕೆ ಕೈ ಒಡ್ಡಿ ನಿಲ್ಲುವುದು ನನಗೆ ಇಷ್ಟ. ಕೈ ತಡೆಯುವಷ್ಟು ಬಿಸಿ ಇದ್ದರೆ ಎಲ್ಲ ಸರಿಯಿದೆ ಎಂದರ್ಥ. ಚಿಕ್ಕವನಿದ್ದಾಗ ಅದರಡಿಯಲ್ಲೇ ಸ್ನಾನ ಮಾಡುತ್ತಿದ್ದೆ. ಡೀಸೆಲಿಗೆ ಕೊಡುವ ದುಡ್ಡು, ಪಾರ್ಟಿಗೆ ಓಡಾಡುವ ಬಸ್ ಚಾರ್ಜು ಲೆಕ್ಕ ಹಾಕಿದರೆ ನಷ್ಟವೇ ಇರಬೇಕು. ಅದಕ್ಕೇ ಹಾಕಿಲ್ಲ.

ಕೊನೆಗೆ ಸಾಗರದ ಲೇತ್ ಮೇಸ್ತ್ರಿ ಹತ್ತಿರ ಹೋದೆ. ಮೊದಲೇ ಹೋಗಬೇಕಿತ್ತು. ಅವರ ಅಂಗಡಿ ಯಾವಾಗ ತೆರೆದಿರುತ್ತದೆ ಎಂಬುದು ಅವರಿಗೂ ಗೊತ್ತಿರುವುದಿಲ್ಲ, ಅದೇ ತೊಂದರೆ. ಅವರೂ ಸ್ಯಾಂಪಲ್ ಕೇಳಿದರು. ಕೊಟ್ಟೆ. ಕಣ್ಣಿಗೆ ಹತ್ತಿರ ಹಿಡಿದು ಸುರುಳಿಗಳ ನಡುವಿನ ಸಂದು ನೋಡಿದರು.

"ಇದನ್ನ ಯಾರು ಎಳೆದಿದ್ದು?"

"ಅಪ್ಪಯ್ಯ. ಸ್ಪೀಡ್ ಜಾಸ್ತಿ ಆಯ್ತು ಅಂದಾಗೆಲ್ಲ ಸ್ವಲ್ಪ ಎಳೆದು ಸಡಿಲ ಮಾಡಿ ಹಾಕ್ತಿದ್ರು."

"ಮತ್ತೆ? ಸ್ಯಾಂಪಲ್ಲೇ ಸುಳ್ಳು ಹೇಳ್ತಾ ಇದೆ. ಉದ್ದ ನೋಡ್ಬೇಡಿ ಮಾರಾಯ್ರೇ, ಎಳೆದು ನೋಡಿ."

ಬೆಂಚಿನ ಕೆಳಗಿನ ಹಳೇ ಬಣ್ಣದ ಡಬ್ಬಿ ಸುರಿದರು. ಕೆದಕಿ ಕೆದಕಿ ಒಂದು ಸ್ಪ್ರಿಂಗು ಆರಿಸಿದರು. ಎಡಗೈಯಲ್ಲಿ ನನ್ನದು, ಬಲಗೈಯಲ್ಲಿ ಅದು, ಎರಡನ್ನೂ ಒಂದೊಂದು ಮೊಳೆಗೆ ಸಿಕ್ಕಿಸಿ ಕಣ್ಣು ಮುಚ್ಚಿಕೊಂಡು ಎಳೆದರು. ನನಗೂ ಎಳೆಯಲು ಕೊಟ್ಟರು. ಒಂದೇ ಥರ ಅನ್ನಿಸಿತು. ಉದ್ದ ಮಾತ್ರ ಅರ್ಧ ಇಂಚು ಕಡಿಮೆ. ಅದಕ್ಕೆ ತಂತಿಯ ಕೊಕ್ಕೆಯೊಂದನ್ನು ಬಗ್ಗಿಸಿ ಸೇರಿಸಿದರು. ಇಪ್ಪತ್ತು ರೂಪಾಯಿ ತೆಗೆದುಕೊಂಡು, ಚಾ ತರಿಸಿ ಅದರಲ್ಲೇ ಹದಿನೈದು ಖರ್ಚು ಮಾಡಿದರು.

ಈಗ ಇಂಜಿನ್ ಸರಿಯಾಗಿ ಟುಕುಟುಕು ಎನ್ನುತ್ತಿದೆ. ಬೆಚ್ಚನೆ ನೀರೂ ಬೀಳುತ್ತಿದೆ. ಹೊರಡುವಾಗ ಕೇಳಿದ್ದೆ, ಈ ಸ್ಪ್ರಿಂಗು ಯಾವುದರದ್ದು, ಮುಂದೆ ಮುರಿದರೆ ಏನೆಂದು ಕೇಳಲಿ ಎಂದು.

"ಮೊಪೆಡ್ಡಿನ ಬ್ರೇಕ್ ಪೆಡಲ್ಲಿದು" ಎಂದರು ಮೇಸ್ತ್ರಿ. ಸ್ವಲ್ಪ ಯೋಚಿಸಿ, "ಆ ಮೊಪೆಡ್ಡೂ ಈಗ ಬರೋದಿಲ್ಲ ಬಿಡಿ. ಸ್ಯಾಂಪಲ್ ಇಟ್ಕೊಂಡಿರಿ" ಎಂದರು.